ಸಾಕುನಾಯಿಗಳ ವಿಮೆ: ಮಳೆಗಾಲಕ್ಕೆ ಮುನ್ನ ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ನಾಯಿಗೆ ವಿಮೆ ಮಾಡಿಸಬೇಕೆಂದಿರುವವರು ಮಳೆ ಹಿಡಿಯುವ ಮೊದಲೇ ಆ ಕೆಲಸ ಮುಗಿಸಬೇಕೆಂದು ಕೋರುತ್ತೇನೆ. ಪಾಲಿಸಿ ಪಡೆದ ಆರಂಭದ ಕಾಯುವ ಅವಧಿಯಲ್ಲಿ, ಅಂದರೆ ವಿಮೆ ಇನ್ನೂ ಅನ್ವಯವಾಗದ ದಿನಗಳಲ್ಲಿ, ಬಂದ ಕಾಯಿಲೆಗೂ, ಮೊದಲಿನಿಂದಲೇ ಇದ್ದ ಕಾಯಿಲೆಗೂ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ತೋಟ, ಬೇಣಗಳಲ್ಲಿ ಅಲೆಯುವ ನಮ್ಮ ನಾಯಿಗಳಿಗೆ ಇಲಿಜ್ವರದ ಅಪಾಯವಂತೂ ಮಳೆಯೊಂದಿಗೇ ಹೆಚ್ಚುತ್ತದೆ.

ಲಸಿಕೆಯಿಂದ ತಡೆಯಬಹುದಾಗಿದ್ದ ರೋಗಕ್ಕೆ ಲಸಿಕೆಯ ದಾಖಲೆಯಿಲ್ಲದೆ ಹಣ ಕೇಳಿದರೆ ಅರ್ಜಿ ತಿರಸ್ಕೃತವಾಗುವ ಸಂಭವವೇ ಹೆಚ್ಚು. ಈ ನಿಯಮ ಕಟ್ಟುನಿಟ್ಟೆನಿಸಿದರೂ, ರೇಬೀಸ್, ಪಾರ್ವೊ (ವಾಂತಿಭೇದಿ ತರುವ ವೈರಸ್ ರೋಗ), ಇಲಿಜ್ವರಗಳ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸುವ ರೂಢಿ ಇದರಿಂದ ಬೆಳೆಯುವುದಾದರೆ ನಾಯಿಗೂ ಮನೆಯವರಿಗೂ ಒಳ್ಳೆಯದೆಂದೇ ನಾನು ನಂಬಿದ್ದೇನೆ.

ಜಠರ ಉಬ್ಬಿ ತಿರುಚಿಕೊಂಡ ನಾಯಿಗಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲೇ ದಯಾಮರಣ ಪಡೆದವುಗಳ ಪ್ರಮಾಣ ವಿಮೆಯಿದ್ದ ನಾಯಿಗಳಲ್ಲಿ ಶೇ. 10, ಇಲ್ಲದವುಗಳಲ್ಲಿ ಶೇ. 37 ಇತ್ತು. ಖರ್ಚಿಗೆ ಹೆದರಿ ಒಂದು ಜೀವವನ್ನು ಕೈಬಿಡಬೇಕಾಗುವ ಸಂಕಟ ಎಷ್ಟು ದೊಡ್ಡದೆಂಬುದನ್ನು ಈ ಅಂತರವೇ ಹೇಳುತ್ತದೆ.

ಆದರೆ ಹಣವೊಂದೇ ಚಿಕಿತ್ಸೆಯನ್ನು ಹತ್ತಿರ ತರಲಾರದು. ಹೊಸನಗರ, ತೀರ್ಥಹಳ್ಳಿ ಕಡೆಯ ಒಳಹಳ್ಳಿಗಳವರು ದೊಡ್ಡ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಂತಹ ಕಡೆಗೆ ಬರಬೇಕಾಗುವುದರಿಂದ, ವಾಹನದ ವ್ಯವಸ್ಥೆಯನ್ನೂ ಮೊದಲೇ ಯೋಚಿಸಿಡಬೇಕು. ಬಹುತೇಕ ಪಾಲಿಸಿಗಳಲ್ಲಿ ನಾವೇ ಮೊದಲು ಹಣ ಕಟ್ಟಿ ನಂತರ ಮರಳಿ ಪಡೆಯಬೇಕಾಗುತ್ತದೆ. ಆದ್ದರಿಂದ ವೈದ್ಯರ ಚೀಟಿ, ಔಷಧದ ಬಿಲ್ಲು, ಪ್ರಯೋಗಾಲಯದ ವರದಿಗಳನ್ನು ದಿನಾಂಕ ಸಹಿತ ಜೋಪಾನವಾಗಿಡಿ.

ದನಕರುಗಳ ವಿಮೆ ಬೇರೆಯೇ ವಿಷಯ. ರಾಷ್ಟ್ರೀಯ ಜಾನುವಾರು ಮಿಷನ್ನಿನಡಿ ವಿಮಾ ಕಂತಿನಲ್ಲಿ ರೈತರು ಕಟ್ಟಬೇಕಾದ ಪಾಲನ್ನು 2024ರಲ್ಲಿ ಶೇ. 15ಕ್ಕೆ ಇಳಿಸಲಾಗಿದೆ, ಆಸಕ್ತರು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು.