ಚಂದ್ರ ಬೀಳುತ್ತಲೇ ಇದ್ದಾನೆ ಪುಟ್ಟಿ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ತಾರಸಿ ಮೇಲೆ ನಿಂತು "ಅಮ್ಮಾ, ಚಂದ್ರ ಯಾಕೆ ಕೆಳಗೆ ಬೀಳಲ್ಲ?" ಅಂತ ಕೇಳಿದೆ. ನನ್ನ ತಲೆ ಬೇರೆಲ್ಲೋ ಇತ್ತು. "ಅಷ್ಟು ದೂರದಲ್ಲಿ ಭೂಮಿಯ ಸೆಳೆತ ಇರಲ್ಲ ಕಣೇ" ಅಂದುಬಿಟ್ಟೆ. ನೀನೂ ತಲೆಯಾಡಿಸಿದೆ. ಮಲಗಿದ ಮೇಲೆ ಅದೇ ಕೊರೆಯತೊಡಗಿತು. ನಾನು ಹೇಳಿದ್ದು ತಪ್ಪು, ಪೂರ್ತಿ ಉಲ್ಟಾ. ಬಾಯಲ್ಲಿ ಹೇಳಲು ಹೊರಟರೆ ನಡುವೆ ನೂರು ಪ್ರಶ್ನೆ ಹಾಕುತ್ತೀಯ, ಅದಕ್ಕೇ ಬರೆದಿಡುತ್ತಿದ್ದೇನೆ.

ಸೆಳೆತ ಇಲ್ಲದಿದ್ದರೆ ಚಂದ್ರ ನಮ್ಮನ್ನು ಸುತ್ತುತ್ತಲೇ ಇರಲಿಲ್ಲ. ನೇರ ಗೆರೆ ಎಳೆದ ಹಾಗೆ ಎತ್ತಲೋ ಹೊರಟುಹೋಗುತ್ತಿದ್ದ. ಅವನು ಬೀಳುತ್ತಲೇ ಇದ್ದಾನೆ, ನೀನು ಇದನ್ನು ಓದುವಾಗಲೂ. ನೆಲ ಮಾತ್ರ ಅವನಿಗೆ ಸಿಗುತ್ತಿಲ್ಲ.

ಒಂದು ಚೆಂಡನ್ನು ಕೈಬಿಡು. ಮೊದಲ ಸೆಕೆಂಡಿನಲ್ಲಿ ಅದು ಹತ್ತಿರ ಹತ್ತಿರ 5 ಮೀಟರ್ ಬೀಳುತ್ತದೆ. ಅಡ್ಡಕ್ಕೆ ಎಸೆದರೂ ಅಷ್ಟೇ ಬೀಳುತ್ತದೆ, ಜೊತೆಗೆ ಮುಂದಕ್ಕೂ ಹೋಗಿರುತ್ತದೆ. ಭೂಮಿ ಉಂಡೆ ಅಲ್ವಾ? ನೇರ 8 ಕಿಲೋಮೀಟರ್ ಹೋಗುವಷ್ಟರಲ್ಲಿ ನೆಲವೂ ಸುಮಾರು 5 ಮೀಟರ್ ಕೆಳಗೆ ಬಾಗಿರುತ್ತದೆ. ಹಾಗಾದರೆ ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಎಸೆದರೆ? ಚೆಂಡು 5 ಮೀಟರ್ ಬಿತ್ತು, ನೆಲವೂ 5 ಮೀಟರ್ ತಗ್ಗಿತು. ಮುಂದಿನ ಸೆಕೆಂಡೂ ಅದೇ ಕಥೆ. ಗಾಳಿಯ ಅಡ್ಡಿ ಇಲ್ಲದಿದ್ದರೆ ಚೆಂಡು ಒಂದು ಸುತ್ತು ಹಾಕಿ ಹಿಂದಿನಿಂದ ಬಂದು ನಿನ್ನ ತಲೆಗೇ ಬಡಿಯುತ್ತದೆ! ಕಕ್ಷೆ ಅಂದರೆ ಇಷ್ಟೇ. ನ್ಯೂಟನ್ ಚೆಂಡಿನ ಬದಲು ಎತ್ತರದ ಬೆಟ್ಟದ ತುದಿಯಲ್ಲಿ ಫಿರಂಗಿ ಇಟ್ಟು ಯೋಚಿಸಿದ.

ಅವನು ಅಲ್ಲಿಗೆ ನಿಲ್ಲಲಿಲ್ಲ, ಲೆಕ್ಕವನ್ನೂ ಹಾಕಿದ. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಭೂಮಿಯ ನಡುವಿನಿಂದ ನಾವು ಎಷ್ಟು ದೂರ ಇದ್ದೇವೋ, ಚಂದ್ರ ಅದರ 60 ಪಟ್ಟು ದೂರದಲ್ಲಿದ್ದಾನೆ. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದು ಪಾಲಿಗೆ. 60 ಪಟ್ಟಾದರೆ 3600ನೇ ಒಂದು ಪಾಲು. 5 ಮೀಟರನ್ನು 3600ರಿಂದ ಭಾಗಿಸಿ ನೋಡು, 1.4 ಮಿಲಿಮೀಟರ್ ಹತ್ತಿರ ಬರುತ್ತದೆ. ಚಂದ್ರ ನಿಜವಾಗಿಯೂ ಪ್ರತಿ ಸೆಕೆಂಡಿಗೆ ಅಡ್ಡಕ್ಕೆ 1 ಕಿಲೋಮೀಟರ್ ಓಡುತ್ತಾ, ತನ್ನ ನೇರ ದಾರಿಯಿಂದ ಅಷ್ಟೇ ಅಷ್ಟು ನಮ್ಮ ಕಡೆ ಬಾಗುತ್ತಾನೆ. ಮರದಿಂದ ಉದುರುವ ಹಣ್ಣಿಗೂ ಆಕಾಶದ ಚಂದ್ರನಿಗೂ ಒಂದೇ ನಿಯಮ. ಇದು 1687ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿದೆ.

ಬಾಹ್ಯಾಕಾಶ ನಿಲ್ದಾಣದಲ್ಲಿ ಎಲ್ಲರೂ ತೇಲುವುದನ್ನು ವೀಡಿಯೊದಲ್ಲಿ ನೋಡಿದ್ದೀಯಲ್ಲ, ಅಲ್ಲೂ ಸೆಳೆತ ಇಲ್ಲ ಅಂತ ಅಂದುಕೊಳ್ಳಬೇಡ. ಅದು ಇರುವುದು ಬರೀ 400 ಕಿಲೋಮೀಟರ್ ಮೇಲೆ. ಇಲ್ಲಿನ ಸೆಳೆತದ ಹತ್ತರಲ್ಲಿ ಒಂಬತ್ತು ಪಾಲು ಅಲ್ಲೂ ಇದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೇ ಬೀಳುತ್ತಿರುವುದರಿಂದ ಯಾರೂ ನೆಲಕ್ಕೆ ಒತ್ತಿಕೊಳ್ಳುವುದಿಲ್ಲ, ಅಷ್ಟೇ. ನಂಬಿಕೆ ಬರಲಿಲ್ಲವಾ? ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಒಂದು ತೂತು ಮಾಡಿ ನೀರು ತುಂಬು, ಮುಚ್ಚಳ ಹಾಕಬೇಡ. ನೀರು ಚಿಮ್ಮುತ್ತದೆ. ಈಗ ಬಾಟಲಿಯನ್ನು ಎತ್ತರದಿಂದ ಕೈಬಿಡು. ಬೀಳುವಷ್ಟು ಹೊತ್ತು ತೂತಿನಿಂದ ನೀರು ಬರುವುದು ನಿಂತಿರುತ್ತದೆ. ಹೊರಗೆ ಹೋಗಿ ಮಾಡು, ಒರೆಸುವವಳು ನಾನು.

ಇನ್ನು ನಿನ್ನ ಮುಂದಿನ ಪ್ರಶ್ನೆ ನನಗೆ ಗೊತ್ತು. ಚಂದ್ರನನ್ನು ಅಡ್ಡಕ್ಕೆ ತಳ್ಳಿದ್ದು ಯಾರು? ಹೆಚ್ಚಿನ ವಿಜ್ಞಾನಿಗಳು ಒಪ್ಪುವ ಕಥೆ ಹೀಗಿದೆ: ಸುಮಾರು 450 ಕೋಟಿ ವರ್ಷದ ಹಿಂದೆ ಮಂಗಳನಷ್ಟು ದೊಡ್ಡ ಕಾಯವೊಂದು ಭೂಮಿಗೆ ಗುದ್ದಿತು. ಸಿಡಿದ ಚೂರುಗಳಲ್ಲಿ ನಿಧಾನದವು ವಾಪಸ್ ಬಿದ್ದವು, ಜಾಸ್ತಿ ವೇಗದವು ತಪ್ಪಿಸಿಕೊಂಡವು. ನಡುವಿನ ವೇಗದವು ಸುತ್ತುತ್ತಾ ಉಳಿದು ಒಂದಕ್ಕೊಂದು ಅಂಟಿಕೊಂಡು ಚಂದ್ರನಾದವು. ಅಲ್ಲಿ ತಡೆಯಲು ಗಾಳಿ ಇಲ್ಲ, ಹಾಗಾಗಿ ಆ ಓಟ ನಿಲ್ಲಲಿಲ್ಲ. ನಿಲ್ದಾಣಕ್ಕೆ ಆ ಅದೃಷ್ಟ ಇಲ್ಲ. ಅಷ್ಟು ಎತ್ತರದಲ್ಲೂ ಚೂರು ಗಾಳಿ ಇದೆ, ಆಗಾಗ ಎಂಜಿನ್ ಉರಿಸಿ ಅದನ್ನು ಮೇಲೆತ್ತಬೇಕು.

ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. 1969ರಲ್ಲಿ ಗಗನಯಾತ್ರಿಗಳು ಅಲ್ಲಿಟ್ಟು ಬಂದಂಥ ಕನ್ನಡಿಗಳಿಗೆ ಲೇಸರ್ ಬಿಟ್ಟು ಅಳೆದಿದ್ದು ಇದು. ನಿನ್ನ ಹನ್ನೊಂದು ವರ್ಷಕ್ಕೆ ಲೆಕ್ಕ ಹಾಕಿದೆ, ಸುಮಾರು 42 ಸೆಂಟಿಮೀಟರ್. ಅಷ್ಟರಲ್ಲಿ ನೀನು ಉದ್ದವಾಗಿದ್ದು ಅದಕ್ಕಿಂತ ಜಾಸ್ತಿ.

ಬಾಟಲಿಗೆ ತೂತು ಮಾಡುವಾಗ ನನ್ನನ್ನು ಕರಿ.

ನಿನ್ನ ಅಮ್ಮ