ಹವಾಯಿಯ ರಾಜವಂಶ: ಅಪ್ಪನಿಗೊಂದು ಪತ್ರ

ಹೊನೊಲುಲು

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಹವಾಯಿಯ ರಾಜರ ಮನೆತನದವರು ಈಗಲೂ ಇದ್ದಾರಾ ಅಂತ ಫೋನಿನಲ್ಲಿ ಕೇಳಿದ್ದಿರಿ. ಅದು ಎರಡು ಮಾತಿನಲ್ಲಿ ಮುಗಿಯುವ ಕಥೆಯಲ್ಲ.

ಇಲ್ಲಿನ ಇಯೊಲಾನಿ ಅರಮನೆ ಕಟ್ಟಿಸಿದ್ದು ಕಲಾಕಾವ ರಾಜ. 1881ರಲ್ಲಿ ಲೋಕ ಸುತ್ತಲು ಹೊರಟಾಗ ಆತ ನಮ್ಮ ಕಲ್ಕತ್ತ, ಮುಂಬೈಗೂ ಬಂದಿದ್ದನಂತೆ! ಅವನಿಗೆ ಮಕ್ಕಳಿರಲಿಲ್ಲ. ತಂಗಿ ಲಿಲಿಯುಒಕಲಾನಿ ಪಟ್ಟಕ್ಕೆ ಬಂದರು. 1893ರಲ್ಲಿ ಇಲ್ಲಿ ನೆಲೆಸಿದ್ದ ಬಿಳಿಯ ವಕೀಲರು, ವ್ಯಾಪಾರಿಗಳು ಸೇರಿ ಅವರನ್ನು ಪಟ್ಟದಿಂದ ಇಳಿಸಿದರು. ಅಮೆರಿಕದ ಹಡಗಿನಿಂದ ಸೈನಿಕರೂ ಇಳಿದಿದ್ದರು. ಎರಡು ವರ್ಷದ ಮೇಲೆ ರಾಣಿಯನ್ನು ಅದೇ ಅರಮನೆಯ ಮಹಡಿಯ ಕೋಣೆಯಲ್ಲಿ ಕೂಡಿಹಾಕಿದರು. ಅಲ್ಲಿ ಅವರು ಹೊಲಿದ ಕೌದಿ ಈಗಲೂ ಇದೆ. ಅದನ್ನು ನೋಡಿದರೆ ಕರುಳು ಹಿಂಡಿದಂತಾಗುತ್ತದೆ ಅಪ್ಪ.

ಅವರ ನಂತರ ಪಟ್ಟ ಏರಬೇಕಿದ್ದವಳು ತಂಗಿಯ ಮಗಳು ಕಾಯುಲಾನಿ. ಹದಿನೇಳರ ಹುಡುಗಿ ಇಂಗ್ಲೆಂಡಿನಿಂದ ವಾಷಿಂಗ್ಟನ್‌ಗೆ ಹೋಗಿ, ಅಧ್ಯಕ್ಷರನ್ನೇ ಕಂಡು ಬಂದಳು. ಆದರೂ 1898ರಲ್ಲಿ ದೇಶ ಅಮೆರಿಕದ ಪಾಲಾಯಿತು. ಮರುವರ್ಷ ಅವಳೂ ತೀರಿಕೊಂಡಳು, 23ನೇ ವಯಸ್ಸಿಗೆ.

ಹೊರಗಿನಿಂದ ಬಂದ ರೋಗಗಳಿಗೆ ಆ ಕಾಲದಲ್ಲಿ ಇಲ್ಲಿನ ಜನ ಸಾಲುಸಾಲಾಗಿ ಸತ್ತರು. ಕಲಾಕಾವನಿಗಿಂತ ಮುಂಚೆ ಆಳಿದ ನಾಲ್ಕನೇ ಕಮೆಹಮೆಹಾ ರಾಜ ಮತ್ತು ಅವನ ರಾಣಿ ಎಮ್ಮಾ ಆಸ್ಪತ್ರೆ ಕಟ್ಟಲು ತಾವೇ ಓಡಾಡಿ ಚಂದಾ ಎತ್ತಿದರು. ಅವರ ಒಬ್ಬನೇ ಮಗನೂ ನಾಲ್ಕು ವರ್ಷಕ್ಕೇ ಹೋಗಿಬಿಟ್ಟ. ಆ ಆಸ್ಪತ್ರೆ ಇವತ್ತೂ ನಡೆಯುತ್ತಿದೆ.

ನನಗೆ ಜಾಸ್ತಿ ಹಿಡಿಸಿದವರು ಕಮೆಹಮೆಹಾ ಮನೆತನದ ರಾಜಕುಮಾರಿ ಪೌಆಹಿ. ಇಲ್ಲಿ ಹುಟ್ಟಿದ ಮಗುವನ್ನು ಬಂಧುಗಳಿಗೆ ಸಾಕಲು ಕೊಡುವ ಪದ್ಧತಿ ಇತ್ತು. ಹಾಗೆ ಲಿಲಿಯುಒಕಲಾನಿ ಬೆಳೆದದ್ದು ಪೌಆಹಿಯ ತಂದೆತಾಯಿಯ ಮನೆಯಲ್ಲಿ. 1872ರಲ್ಲಿ, ಸಾಯುವ ಹೊತ್ತಿನಲ್ಲಿ ಆಗಿನ ರಾಜ ಐದನೇ ಕಮೆಹಮೆಹಾ ಪೌಆಹಿಯನ್ನು ಕರೆದು, ಪಟ್ಟ ನೀನೇ ತಗೋ ಎಂದ. ಅವರು ಬೇಡವೆಂದರು. ಅವರಿಗೂ ಮಕ್ಕಳಿಲ್ಲ. ಮೂರೂವರೆ ಲಕ್ಷ ಎಕರೆಗೂ ಮೀರಿದ ಜಮೀನನ್ನು ಹವಾಯಿ ಮಕ್ಕಳ ಶಾಲೆಗೆಂದು ಉಯಿಲು ಬರೆದಿಟ್ಟು 1884ರಲ್ಲಿ ಕಣ್ಣುಮುಚ್ಚಿದರು. 1887ರಲ್ಲಿ ಶುರುವಾದ ಆ ಕಮೆಹಮೆಹಾ ಶಾಲೆಯಲ್ಲಿ ಈಗಲೂ ಸಾವಿರಾರು ಮಕ್ಕಳು ಓದುತ್ತಿದ್ದಾರೆ. ನನ್ನ ಮಟ್ಟಿಗೆ ನಿಜವಾದ ವಾರಸುದಾರರು ಆ ಮಕ್ಕಳೇ. ಲಿಲಿಯುಒಕಲಾನಿಯೂ 1909ರಲ್ಲಿ ತಮ್ಮ ಆಸ್ತಿಯನ್ನು ಅನಾಥ ಮಕ್ಕಳಿಗೆ ಬರೆದರು. ಅಕ್ಕನ ದಾರಿಯೇ ಅಲ್ವಾ?

ರಕ್ತಸಂಬಂಧದವರು ಇಲ್ಲದೇ ಇಲ್ಲ. ಜನ ರಾಜಕುಮಾರಿ ಎಂದೇ ಕರೆಯುತ್ತಿದ್ದ ಅಬಿಗೈಲ್ ಕವಾನನಕೋವಾ 2022ರಲ್ಲಿ, 96ನೇ ವಯಸ್ಸಿಗೆ ತೀರಿಕೊಂಡರು. ಅರಮನೆ ರಿಪೇರಿಗೆ ಅವರು ಸ್ವಂತ ದುಡ್ಡು ಸುರಿದಿದ್ದರು. ಅಂತಿಮ ದರ್ಶನಕ್ಕೆ ಅವರನ್ನು ಇಟ್ಟದ್ದೂ ಅದೇ ಅರಮನೆಯಲ್ಲಿ.

ಅಮ್ಮನ ಮಂಡಿನೋವು ಹೇಗಿದೆ, ಬರೆಯಿರಿ.

ಇಂತಿ ನಿಮ್ಮ ಮಗಳು