ಹೋಲಿಕೆ ನೋಡಿ ಜೀನ್‌ಗಳ ವಯಸ್ಸು ಹೇಳಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಜೀನ್‌ಗಳ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಆದರೆ ಎರಡು ಜೀನ್‌ಗಳು ತುಂಬ ಹೋಲುತ್ತಿದ್ದರೆ ಅವು ಈಚೆಗೆ ಬೇರೆಯಾದವು ಎಂಬ ಮಾತನ್ನು ಹಾಗೇ ಬಿಡಬಾರದು. ನಾನು ಬೀದರಿನಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಮಕ್ಕಳೂ ಇದನ್ನೇ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ರೋಗನಿರೋಧಕ ಜೀನ್‌ಗಳಲ್ಲಂತೂ ಈ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ.

ಟಿಎಲ್‌ಆರ್-1, ಟಿಎಲ್‌ಆರ್-6 ಎಂಬ ಜೀನ್‌ಗಳನ್ನೇ ನೋಡಿ. ಒಂದೇ ಜೀನ್ ನಕಲಾಗಿ ಎರಡಾದವು. ಮನುಷ್ಯನ 4ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕದಲ್ಲೇ ಇವೆ. ಬ್ಯಾಕ್ಟೀರಿಯಾದ ಕೊಬ್ಬು ಅಂಟಿದ ಪ್ರೋಟೀನ್ ಚೂರುಗಳನ್ನು ಪತ್ತೆ ಹಚ್ಚುವುದು ಇವುಗಳ ಕೆಲಸ. ಭಾಲ್ಕಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಎರಡರ ಪ್ರೋಟೀನ್ ಸಾಲುಗಳನ್ನೂ (ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಅಕ್ಷರ) ಪ್ರಿಂಟ್ ತೆಗೆದು, ಮೇಲೆ ಕೆಳಗೆ ಹೊಂದಿಸಿ, ಬೇರೆ ಇರುವ ಅಕ್ಷರಕ್ಕೆಲ್ಲ ಕೆಂಪು ಗುರುತು ಹಾಕಿದಳು. ಬ್ಯಾಕ್ಟೀರಿಯಾವನ್ನು ಹಿಡಿಯುವ ಭಾಗದಲ್ಲಿ ಕೆಂಪು ಜಾಸ್ತಿ. ಜೀವಕೋಶದೊಳಗೆ ಸುದ್ದಿ ಮುಟ್ಟಿಸುವ ಕೊನೆಯ ಭಾಗದಲ್ಲಿ ಅಲ್ಲೊಂದು ಇಲ್ಲೊಂದು. ‘ಆ ಭಾಗ ಕೆಟ್ಟರೆ ಕೆಲಸವೇ ನಡೆಯಲ್ಲ, ಅದಕ್ಕೇ ಬದಲಾಗಿಲ್ಲ, ಅಲ್ವಾ ಮೇಡಂ?’ ಎಂದಳು. ಒಳ್ಳೆಯ ಪ್ರಶ್ನೆ. ಇಲಿಯ ಸಾಲನ್ನೂ ಪಕ್ಕಕ್ಕೆ ಇಡಿಸಿದೆ. ಇಲಿಯಲ್ಲೂ ಈ ಎರಡು ಜೀನ್ ಇವೆ; ಮನುಷ್ಯ, ಇಲಿ ಬೇರೆಯಾಗುವ ಮೊದಲೇ ಈ ಜೋಡಿ ಆಗಿತ್ತು. ಅವಳು ಹೇಳಿದ್ದೇ ಕಾರಣವಾಗಿದ್ದರೆ ಮನುಷ್ಯನ ಟಿಎಲ್‌ಆರ್-1 ಇಲಿಯ ಟಿಎಲ್‌ಆರ್-1ನ್ನೇ ಹೆಚ್ಚು ಹೋಲಬೇಕು. ಆ ಭಾಗದಲ್ಲಿ ಅದು ಹೆಚ್ಚು ಹೋಲುವುದು ಮನುಷ್ಯನದೇ ಟಿಎಲ್‌ಆರ್-6ನ್ನು!

ಇದಕ್ಕೆ ಜೀನ್ ಕನ್ವರ್ಷನ್ ಎನ್ನುತ್ತಾರೆ. ಡಿಎನ್‌ಎ ತುಂಡಾದಾಗ ಜೀವಕೋಶ ಅದೇ ಥರದ ಇನ್ನೊಂದು ಪ್ರತಿ ನೋಡಿ ಸರಿಮಾಡುತ್ತದೆ. ನೋಟ್ಸಿನ ಹಾಳೆ ಹರಿದರೆ ಪಕ್ಕದವರದು ನೋಡಿ ಬರೆದುಕೊಂಡ ಹಾಗೆ. ಕೊಟ್ಟ ಜೀನ್ ಇದ್ದಂತೆಯೇ ಇರುತ್ತದೆ, ತೆಗೆದುಕೊಂಡದ್ದು ಅದರಂತಾಗುತ್ತದೆ. ಹಳೆಯ ಜೋಡಿಯೂ ಹೊಸದರಂತೆ ಕಾಣುವುದು ಹೀಗೆ. ಹಿಡಿಯುವ ಭಾಗವೂ ಹೀಗೆ ಒಂದೇ ಆಗಿಬಿಟ್ಟರೆ ಎರಡು ರಿಸೆಪ್ಟರ್ (ಹೊರಗಿನದನ್ನು ಗುರುತಿಸಿ ಕೋಶಕ್ಕೆ ತಿಳಿಸುವ ಪ್ರೋಟೀನ್) ಇದ್ದೂ ಲಾಭವಿಲ್ಲ. ಅಲ್ಲಿ ವ್ಯತ್ಯಾಸ ಉಳಿದುಕೊಂಡಿದೆ.

ಇದರಿಂದ ಹೊಸತೂ ಹುಟ್ಟುತ್ತದೆ. ಸಿಗ್ಲೆಕ್-11 ಎಂಬ ಜೀನ್‌ನ ಒಂದು ಭಾಗ ಪಕ್ಕದ ಸಿಗ್ಲೆಕ್-16ರಿಂದ ನಕಲಾಗಿದೆ. ಆ ಪಕ್ಕದ ಜೀನ್ ಬಹಳ ಜನರಲ್ಲಿ ಕೆಟ್ಟು ನಿಂತಿರುವಂಥದ್ದು. ಅಮೆರಿಕದಲ್ಲಿರುವ ವಿಜ್ಞಾನಿ ಅಜಿತ್ ವರ್ಕಿ ಅವರ ತಂಡ 2005ರಲ್ಲಿ ಇದನ್ನು ತೋರಿಸಿತು. ಮಿದುಳಿನ ರಕ್ಷಣಾ ಕೋಶಗಳಲ್ಲಿ ಸಿಗ್ಲೆಕ್-11 ರಿಸೆಪ್ಟರ್ ಮನುಷ್ಯರಲ್ಲಿ ಕಾಣುತ್ತದೆ, ಚಿಂಪಾಂಜಿಯಲ್ಲಿ ಇಲ್ಲ.

ನಮ್ಮ ಜಿಲ್ಲೆಗೂ ಈ ವಿಷಯ ಬೇಕು. ದನಗಳಲ್ಲಿ ರಕ್ಷಣಾ ಕೋಶಗಳ ಕೆಐಆರ್ ಎಂಬ ರಿಸೆಪ್ಟರ್ ಜೀನ್‌ಗಳು ನಕಲಾಗಿ ಹಲವಾಗಿವೆ. ಮನುಷ್ಯರಲ್ಲೂ ಹಲವಿವೆ, ಆದರೆ ಬೆಳೆದ ದಾರಿ ಬೇರೆ. ನಮ್ಮ ಕಡೆಯ ದೇವಣಿ ದನದ ತಳಿಗೆ ರೋಗ ತಡೆಯುವ ಜೀನ್ ಇದೆ ಎಂದು ಯಾರಾದರೂ ಹೇಳಿದರೆ, ಡಿಎನ್‌ಎಯನ್ನು ಹೇಗೆ ಓದಿದ್ದಾರೆ ಎಂದು ಮೊದಲು ಕೇಳಬೇಕು. 150 ಅಕ್ಷರದ ಚೂರುಗಳಲ್ಲಿ ಓದಿದರೆ, ಇಷ್ಟು ಹೋಲುವ ಜೀನ್‌ಗಳಲ್ಲಿ ಯಾವ ಚೂರು ಯಾವುದರದು ಎಂದೇ ಎಷ್ಟೋ ಕಡೆ ತಿಳಿಯುವುದಿಲ್ಲ. ಸಾವಿರಾರು ಅಕ್ಷರಗಳನ್ನು ಒಟ್ಟಿಗೆ ಓದುವ ಯಂತ್ರಗಳು ಈಗ ಇವೆ. ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮ ಬೀದರಿನಲ್ಲೇ ಇದೆ. ಅಲ್ಲಿನ ತಜ್ಞರಿಂದ ದೇವಣಿಯ ಜೀನ್‌ಗಳ ಬಗ್ಗೆ, ದನ ಸಾಕುವವರಿಗೂ ತಿಳಿಯುವ ಕನ್ನಡದಲ್ಲಿ ಒಂದು ಲೇಖನ ಬರೆಸಿ. ಜೀನ್ ಕನ್ವರ್ಷನ್ ಅದರಲ್ಲಿ ಖಂಡಿತ ಇರಲಿ.

– ಜೀವಶಾಸ್ತ್ರ ಉಪನ್ಯಾಸಕಿ, ಬೀದರ್